ಎರಡನೆಯ ಬ್ರೇಕು

ನನ್ನ ಕಾರಿಗೆ ಬ್ರೇಕು ಎರಡು.
ಒಂದು ಕಲಿಯುವವರದ್ದು, ಒಂದು ನನ್ನದು.
ಹದಿನಾಲ್ಕು ವರ್ಷ ಎಡಗಡೆ ಸೀಟಿನಲ್ಲಿ ಕೂತು
ಕೋಲಾರದ ಅರ್ಧ ಊರಿಗೆ ಸ್ಟಿಯರಿಂಗು ಹಿಡಿಸಿದ್ದೇನೆ:
ಸೀರೆ ಅಂಗಡಿ ಜಬೀನಾ, ಕೋರ್ಟಿನ ಅಮೀನರು,
ಗೇರು ಹಾಕುವಾಗೆಲ್ಲ ನಾಲಿಗೆ ಕಚ್ಚುತ್ತಿದ್ದ
ಹಾಲಿನ ಡೇರಿ ಪಿಳ್ಳೇಗೌಡರು.

ಬೆಳಗಿನ ಆರಕ್ಕೆ ಟೇಕಲ್ ರಸ್ತೆ.
ಟೊಮೆಟೊ ಲಾರಿಗಳು
ರಸ್ತೆ ತಮ್ಮಪ್ಪನದೆಂಬಂತೆ ಬರುವ ಹೊತ್ತು.
ಆಗಲೇ ಕಲಿಸಬೇಕು, ಎನ್ನುತ್ತಿದ್ದರು ಯೂಸುಫ್ ಸಾಬರು,
ಖಾಲಿ ಮೈದಾನದಲ್ಲಿ ಕಲಿತವನು
ಖಾಲಿ ಮೈದಾನಕ್ಕೇ ಡ್ರೈವರು.

ನನಗೆ ಕಲಿಸಿದವರು ಅವರು.
ಅವರ ಕಾರಿಗೆ ಎರಡನೆಯ ಬ್ರೇಕಿರಲಿಲ್ಲ,
ಇದ್ದದ್ದು ಕೆಮ್ಮು.
ಒಂದು ಕೆಮ್ಮಿದರೆ ನಿಧಾನ, ಎರಡು ಕೆಮ್ಮಿದರೆ ನಿಲ್ಲಿಸು.
ಕೆಮ್ಮದೆ, ಕಿಟಕಿಯಾಚೆ ಅಂತರಗಂಗೆ ಬೆಟ್ಟ ನೋಡುತ್ತಿದ್ದರೆ
ಸರಿಯಾಗಿದೆ ಎಂದು ನಾನೇ ತಿಳಿಯಬೇಕು.
ಶಹಬ್ಬಾಸ್ ಅಂದವರಲ್ಲ.
ಲೈಸೆನ್ಸು ಬಂದ ದಿನ ತಮ್ಮ ಟೀ ಅರ್ಧ ಸಾಸರಿಗೆ ಸುರಿದು
ನನ್ನ ಕಡೆ ಸರಿಸಿದರು, ಅಷ್ಟೆ.

ಹೋದ ವರ್ಷ ಹೈವೇ ಹೋಟೆಲಿನಲ್ಲಿ ಶಿಬಿರ,
ಸಣ್ಣ ಉದ್ದಿಮೆಯವರಿಗೆ, ಊಟ ಸೇರಿ ಎಂಟುನೂರು.
ಟೈ ಕಟ್ಟಿದವನು ಹೇಳಿದ: ಮನಸ್ಸಿನಲ್ಲಿ ಗೆದ್ದವನೇ ಗೆದ್ದವನು,
ನಿಮ್ಮ ಯಶಸ್ಸನ್ನು ಒಂದು ಸಾಲಿನಲ್ಲಿ ಬರೆಯಿರಿ,
ಕಣ್ಮುಚ್ಚಿ ಅದನ್ನೇ ಕಾಣಿರಿ.
ಪಕ್ಕದ ಬೇಕರಿಯವರು ಮೂರು ಬ್ರಾಂಚು ಬರೆದರು.
ನಾನು ಕಣ್ಣು ಮುಚ್ಚಿದೆ.
ಮುಚ್ಚಿದೊಡನೆ ಬಲಗಾಲು ನೆಲ ಒತ್ತಿತು.
ಕಾಗದ ಹಾಗೇ ಮಡಚಿ ಪರ್ಸಿಗಿಟ್ಟೆ.

ಆಮೇಲೆ ಬಂದವಳು ಮುನಿರತ್ನಮ್ಮ.
ನಲವತ್ತಾರು ವಯಸ್ಸು, ಅಂಗನವಾಡಿಯ ಸಹಾಯಕಿ,
ಶಾಲೆ ವ್ಯಾನು ಓಡಿಸಿದರೆ ಎರಡರಷ್ಟು ಸಂಬಳ ಎಂದು
ಬೆರಳು ಮಡಿಚಿ ಲೆಕ್ಕ ಹಾಕಿಕೊಂಡೇ ಬಂದವಳು.
ನನ್ನ ಪಕ್ಕ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿಸುವಳು,
ಇನ್ಸ್‌ಪೆಕ್ಟರು ಪಕ್ಕ ಕೂತರೆ ದಿಣ್ಣೆಯಲ್ಲಿ ಹಿಂದಕ್ಕೆ ಜಾರುವಳು.
ಎರಡು ಸಲ ಫೇಲು.
‘ನಿಮ್ ಜೊತೆ ಬರುತ್ತೆ ಮೇಡಂ, ಅವರ ಜೊತೆ ಬರಲ್ಲ.’
ಧೈರ್ಯ ಸಾಲದು ನಿನಗೆ, ಅಂದೆ.
ಟೈ ಕಟ್ಟಿದವನ ಮಾತನ್ನೇ ಅಂದೆ:
ಗೆದ್ದೆ ಅಂದುಕೋ.
ಅಂದುಕೊಂಡಳು, ಪಾಪ.
ಮೂರನೆಯ ಸಲವೂ ಫೇಲು.

ಚಪ್ಪಲಿ ಕಿತ್ತಿತ್ತು.
ಡೂಂಲೈಟ್ ಸರ್ಕಲ್ಲಿನ ಕದಿರಪ್ಪ ಹೊಲಿಯುವ ಮುಂಚೆ
ಎರಡನ್ನೂ ಬೋರಲು ಹಾಕಿ ನೋಡಿದ.
‘ಬಲದ್ದೊಂದೇ ಯಾಕಮ್ಮಾ ಇಷ್ಟು ಸವೆದೈತೆ?
ಎಡಗಾಲು ಮನೇಲಿ ಬಿಟ್ಟು ಬರ್ತೀಯಾ?’

ನಕ್ಕೆ.
ಮನೆಗೆ ಬರುವಷ್ಟರಲ್ಲಿ ನಗು ಇರಲಿಲ್ಲ.
ದಿಣ್ಣೆ ಹತ್ತಿದ್ದು ಅವಳೊಬ್ಬಳಲ್ಲ,
ಪ್ರತಿ ಬೆಳಗ್ಗೆ, ತಿಳಿಯದಂತೆ, ಅರ್ಧ ನಾನು.
ಅವಳು ಕಲಿತದ್ದು ನನ್ನ ಕಾಲನ್ನು.

ಮರುದಿನ ಚಪ್ಪಲಿ ಡಿಕ್ಕಿಗೆ ಹಾಕಿ
ಸೀಟಿನ ಮೇಲೆ ಚಕ್ಕಳಮಕ್ಕಳ ಕೂತೆ.
ರೈಲ್ವೆ ಸೇತುವೆಯ ಏರು. ನಿಲ್ಲಿಸಿ ಎತ್ತು, ಅಂದೆ.
ಕಾರು ಒಂದು ಗೇಣು ಜಾರಿತು, ಒಂದು ಮೊಳ.
ಹಿಂದಿನ ಲಾರಿ ಬೆನ್ನಿಗೇ ಹಾರ್ನು ಹೊಡೆಯಿತು.
ನಾನು ಬೆಟ್ಟ ನೋಡಿದೆ.
ಯೂಸುಫ್ ಸಾಬರು ಆಗ ಬೆಟ್ಟ ನೋಡುತ್ತಿರಲಿಲ್ಲ,
ತಮ್ಮ ಹೆದರಿಕೆಯನ್ನು ನನಗೆ ಕಾಣದ ಹಾಗೆ
ಕಿಟಕಿಯಾಚೆ ಹಿಡಿದುಕೊಂಡಿದ್ದರು.

ಇಂಜಿನ್ನು ಗೊಣಗಿತು, ಬಾನೆಟ್ಟು ನಡುಗಿತು,
ಜಾರಿಕೆ ನಿಂತಿತು.
ಆಮೇಲೆ ಹತ್ತಿತು.
ಮೇಲೆ ಹೋದ ಮೇಲೆ ಅವಳು ಕೇಳಿದ್ದು ಇಷ್ಟೇ:
‘ಕಾಲು ಜೋಮು ಹಿಡಿಯಿತಾ ಮೇಡಂ?’

ಈಗ ಎಂಟೂಕಾಲಕ್ಕೆ ಅವಳ ಹಳದಿ ವ್ಯಾನು ಎದುರಾಗುತ್ತದೆ,
ಕಿಟಕಿ ತುಂಬ ಎಣ್ಣೆ ಹಚ್ಚಿದ ತಲೆಗಳು.
ಕೈ ಬೀಸುವುದಿಲ್ಲ ಅವಳು,
ಎರಡೂ ಕೈ ಸ್ಟಿಯರಿಂಗಿನ ಮೇಲೆ.
ಹಾಗೆ ಕಲಿಸಿದವಳು ನಾನೇ.
ಆದರೂ ವ್ಯಾನು ತಿರುವಿಗೆ ಬರುವಾಗ
ರಸ್ತೆಯ ಈಚೆ ಬದಿ, ನಿಂತಲ್ಲೇ,
ಹೊಲಿಸಿದ ಚಪ್ಪಲಿಯೊಳಗೆ
ನನ್ನ ಹೆಬ್ಬೆರಳು ಮಡಚಿಕೊಳ್ಳುತ್ತದೆ.